ಹಿತ್ತಲಿಗೆ ಯಾವ ಹಾಲಿನ ಆಡು?

ಸಂಜೆ ವಾಚನಾಲಯದಲ್ಲಿ ಪತ್ರಿಕೆ ತಿರುವಿಹಾಕುತ್ತ ಕುಳಿತಾಗ ಬಂಧುಗಳು ಆಗಾಗ ಕೇಳುವ ಪ್ರಶ್ನೆಯೊಂದುಂಟು. “ಊರಿನಲ್ಲಿ ತಾಯಿ, ಹೆಂಡತಿ, ಮಕ್ಕಳಿದ್ದಾರೆ. ಹಸು ಸಾಕೋಣವೆಂದರೆ ಹುಲ್ಲೂ ಇಲ್ಲ, ಆಳೂ ಇಲ್ಲ. ಒಂದು ಆಡು ಕೊಂಡುಕೊಟ್ಟರೆ ಮನೆಗೆ ಹಾಲಾದೀತೆ?” ಆದೀತು. ಆದರೆ ಯಾವ ತಳಿಯ ಆಡು ಎಂಬುದನ್ನು ಪಟ್ಟಣದಲ್ಲಿ ಕುಳಿತು, ಚಿತ್ರ ನೋಡಿ ತೀರ್ಮಾನಿಸಿದರೆ ಕೆಡುವ ಸಂಭವವೇ ಹೆಚ್ಚು. ಹಾಗೆ ತೀರ್ಮಾನಿಸಿ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬನಾದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮದು ದಕ್ಷಿಣ ಕನ್ನಡದ ಒಳಭಾಗದ ಹಳ್ಳಿ. ಮುಂಬಯಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ, ಊರಿನ ಮನೆಯಲ್ಲಿ ಮಕ್ಕಳಿಗೆ ಹಾಲಿನ ಅಭಾವವೆಂದು ಕಾಗದ ಬಂದಾಗ, ನಾನೂ ತಮ್ಮನೂ ಸೇರಿ ಒಂದು ಜಮುನಾಪಾರಿ ಆಡನ್ನು ಕೊಂಡೆವು. ನೋಡಿದವರು ಬೆರಗಾಗುವಂಥ ಪ್ರಾಣಿ. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಜೋತುಬಿದ್ದ ಉದ್ದ ಕಿವಿ, ಎತ್ತರದ ಕಾಲು. ದಿನಕ್ಕೆ ಎರಡು ಲೀಟರು ಎಂದು ಮಾರಿದವರು ಹೇಳಿದ್ದರು. ಅದು ಸುಳ್ಳೂ ಅಲ್ಲ. ಆ ತಳಿಯ ಒಳ್ಳೆಯ ಆಡು ಒಳ್ಳೆಯ ಮೇವಿನ ಮೇಲೆ ಒಂದೂವರೆ ಎರಡು ಲೀಟರು ಕೊಡುವುದುಂಟು. ಚೈತ್ರದಲ್ಲಿ ಊರು ಸೇರಿದ ಆಡು ಮೊದಲ ತಿಂಗಳು ಹಾಲನ್ನೂ ಕೊಟ್ಟಿತು. ಜೂನ್ ಬಂದಿತು. ಸುರಿಯುವ ಮಳೆ, ನೆಂದ ಕೊಟ್ಟಿಗೆ, ಕೆಸರು. ಗೊರಸಿನ ನಡುವೆ ಕೊಳೆತು ಕುಂಟತೊಡಗಿತು, ಆಮೇಲೆ ಕೆಮ್ಮು, ಆಷಾಢ ಮುಗಿಯುವ ಮೊದಲೇ ಸತ್ತುಹೋಯಿತು. “ಇದಕ್ಕೆ ನಮ್ಮ ಮಳೆ ಗೊತ್ತಿರಲಿಲ್ಲ ಮಗಾ” ಎಂದು ತಾಯಿ ಅಷ್ಟೇ ಹೇಳಿದರು. ಅದು ಹಗ್ಗ ಎಳೆದ ರಭಸಕ್ಕೆ ಅವರು ಎರಡು ಸಲ ಬಿದ್ದಿದ್ದರೆಂಬುದು ನನಗೆ ತಿಳಿದದ್ದು ಆ ಮೇಲೆ.

ಜಮುನಾಪಾರಿಯ ತವರು ಉತ್ತರ ಪ್ರದೇಶದ ಇಟಾವಾ ಜಿಲ್ಲೆ. ಯಮುನೆ, ಚಂಬಲ್ ನದಿಗಳು ಕೊರೆದ ಕಂದರಗಳು, ಅವುಗಳ ತುಂಬ ಮುಳ್ಳುಗಿಡ, ಒಣ ನೆಲ. ಅಲ್ಲಿ ದಿನವಿಡೀ ತಿರುಗಾಡಿ ಎತ್ತರದ ಕೊಂಬೆಗೆ ಬಾಯಿ ಹಾಕಲೆಂದೇ ಆ ಉದ್ದನೆಯ ಕಾಲುಗಳು. ಅಂಥದನ್ನು ತಂದು ಅಡಕೆ ತೋಟದ ಬದಿಯ ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿದ್ದು ನಮ್ಮ ತಪ್ಪು, ಆಡಿನ ತಪ್ಪಲ್ಲ.

ಆದುದರಿಂದ ತಳಿಯ ಹೆಸರು ಎತ್ತುವ ಮೊದಲು ಮೂರು ಸಂಗತಿ ವಿಚಾರಿಸತಕ್ಕದ್ದು. ನಿಮ್ಮ ಊರಿನಲ್ಲಿ ಮಳೆ ಎಷ್ಟು? ಹಿತ್ತಲಿನಲ್ಲಿಯೂ ಬೇಲಿಯಲ್ಲಿಯೂ ವರ್ಷವಿಡೀ ಸಿಗುವ ಸೊಪ್ಪು ಯಾವುದು? ಬೆಳಗೂ ಬೈಗೂ ಆಡಿನ ಹತ್ತಿರ ನಿಲ್ಲುವವರು ಯಾರು, ಅವರ ಕೈಯಲ್ಲಿ ಎಷ್ಟು ಶಕ್ತಿಯಿದೆ? ಆಡು ಕೊಳ್ಳುವವರು ನಾವು, ಆದರೆ ಸಾಕುವವರು ನಾವಲ್ಲ ಎಂಬ ಮಾತನ್ನು ಪರವೂರಿನಲ್ಲಿರುವವರು ಮರೆಯುವುದು ಬಹಳ.

ಈಗ ತಳಿಗಳ ವಿಚಾರ. ಬೀದರ, ಕಲಬುರಗಿ, ವಿಜಯಪುರ ಕಡೆಯ ಬಂಧುಗಳು ಉಸ್ಮಾನಾಬಾದಿ ಆಡನ್ನು ದೂರ ಹುಡುಕಬೇಕಾಗಿಲ್ಲ. ಮಹಾರಾಷ್ಟ್ರದ ಉಸ್ಮಾನಾಬಾದ್ (2023ರಿಂದ ಧಾರಾಶಿವ), ಲಾತೂರು, ಉದಗೀರ ಪ್ರಾಂತದ್ದು, ಹೆಚ್ಚಿನವು ಕಪ್ಪು. ಹಾಲು ಅರ್ಧದಿಂದ ಒಂದು ಲೀಟರು, ಅದೂ ನಾಲ್ಕು ತಿಂಗಳ ಆಸುಪಾಸು. ಕಡಮೆಯೆನಿಸಬಹುದು. ಆದರೆ ಬಿಸಿಲು, ಬರ, ಒಣ ಮೇವು ಇವನ್ನೆಲ್ಲ ತಾಳಿಕೊಂಡು ಬಹಳ ವೇಳೆ ಅವಳಿ ಮರಿ ಹಾಕುತ್ತದೆ. ನಮ್ಮ ನಾಡಿನವೇ ಆದ ಬೀದ್ರಿ, ನಂದಿದುರ್ಗ ಆಡುಗಳಿಗೂ ತಳಿಯೆಂದು ಅಧಿಕೃತ ಮಾನ್ಯತೆ ದೊರೆತಿದೆ; ಅವು ಮುಖ್ಯವಾಗಿ ಮಾಂಸಕ್ಕೆ ಸಾಕುವಂಥವು, ಚಹಕ್ಕೆ ಸಾಲುವಷ್ಟು ಹಾಲು ಸಿಕ್ಕರೆ ಲಾಭವೆನ್ನಬೇಕು.

ಕರಾವಳಿ, ಕೊಡಗು, ಮಲೆನಾಡಿನವರಿಗೆ ನಾನು ಹೇಳುವುದು ಮಲಬಾರಿ. ತಲಶ್ಶೇರಿ ಆಡೆಂದೂ ಕರೆಯುತ್ತಾರೆ. ಕಣ್ಣೂರು, ಕೋಳಿಕ್ಕೋಡು, ಮಲಪ್ಪುರಂ ಜಿಲ್ಲೆಗಳದು. ನಮ್ಮಂಥದೇ ಮಳೆಯಲ್ಲಿ ಹುಟ್ಟಿ ಬೆಳೆದದ್ದು. ಬಣ್ಣಕ್ಕೆ ನಿಯಮವಿಲ್ಲ, ಬಿಳಿಯೂ ಉಂಟು, ಕಪ್ಪೂ ಉಂಟು. ಹಾಲು ಅರ್ಧದಿಂದ ಒಂದು ಲೀಟರು. ನಮ್ಮ ಮನೆಗೆ ಎರಡನೆಯ ಸಲ ಬಂದದ್ದು ಇದೇ. ತಾಯಿಯವರ ಒಂದೇ ಷರತ್ತು, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಅಡಕೆ ದಬ್ಬೆಯ ಅಟ್ಟಣೆ ಹಾಕಿಕೊಡಬೇಕೆಂದು. ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರೆ ಹಿಕ್ಕೆ, ಗಂಜಳ ಕೆಳಗೆ ಬೀಳುತ್ತವೆ, ಆಡು ಒಣಗಿದ ಜಾಗದಲ್ಲಿ ಮಲಗುತ್ತದೆ. ಮಳೆಯ ನಾಡಿನಲ್ಲಿ ಔಷಧಕ್ಕಿಂತ ಇದು ಮೇಲು.

ಊರಿಗಲ್ಲ, ಇಲ್ಲೇ ಪಟ್ಟಣದ ಅಂಚಿನಲ್ಲಿ ಬಾಡಿಗೆ ಮನೆಯ ಹಿಂದೆ ನಾಲ್ಕು ಗಜ ಜಾಗವಿದೆ ಎನ್ನುವವರಿಗೆ (ಮನೆಯ ಯಜಮಾನರ ಮತ್ತು ನಗರಸಭೆಯ ಅಪ್ಪಣೆ ಮೊದಲು ಕೇಳಿಕೊಳ್ಳಿ) ಬಾರ್ಬರಿ ಯೋಗ್ಯ. ಆಗ್ರಾ, ಮಥುರಾ, ಅಲಿಗಢ ಕಡೆಯ ಗಿಡ್ಡ ತಳಿ; ಬಿಳಿ ಮೈಯ ಮೇಲೆ ಕಂದು ಮಚ್ಚೆ, ಜಿಂಕೆಯಂತೆ ನಿಮಿರಿದ ಸಣ್ಣ ಕಿವಿ. ಕಟ್ಟಿಹಾಕಿ ಮೇಯಿಸಿದರೂ ಬೇಸರಿಸದು. ಮುಕ್ಕಾಲರಿಂದ ಒಂದು ಲೀಟರು ಹಾಲು. ಗುಜರಾತಿನ ಸೂರ್ತಿಯೂ ದೂರ ನಡೆಯಲಾರದ, ಮನೆಬಾಗಿಲ ತಳಿಯೇ. ಹಾಲು ಇನ್ನೂ ಹೆಚ್ಚು. ಪಂಜಾಬಿನ ಬೀಟಲ್ ಹಾಲಿಗೆ ಬಹಳ ಹೆಸರಾದದ್ದು, ಆದರೆ ದೊಡ್ಡ ಮೈ, ದೊಡ್ಡ ಹೊಟ್ಟೆ. ಸ್ವಿಟ್ಜರ್ಲೆಂಡಿನ ಸಾನೆನ್ ಆಡಿನ ಮಾತನ್ನು ಕೆಲವರು ಎತ್ತುತ್ತಾರೆ. ಕರ್ನಾಲಿನ ಸಂಶೋಧನಾಲಯದಲ್ಲಿ ಅದನ್ನು ಬೀಟಲ್ ಜೊತೆ ಕೂಡಿಸಿ ಮಿಶ್ರತಳಿ ಮಾಡಿದ್ದೂ ಉಂಟು. ಶುದ್ಧ ಸಾನೆನ್ ನಮ್ಮ ಸೆಕೆಗೆ ಬಾಡುತ್ತದೆ. ಅದರ ಆಸೆ ಬಿಡುವುದು ಒಳ್ಳೆಯದು.

ಈ ಲೀಟರುಗಳ ಲೆಕ್ಕವೆಲ್ಲ ಚೆನ್ನಾಗಿ ಮೇಯಿಸಿದ ಆಡುಗಳದು. ಅದರಲ್ಲಿಯೂ ಮರಿಗಳ ಪಾಲು ಕಳೆಯಬೇಕು. ಎಲ್ಲಕ್ಕಿಂತ ಮುಖ್ಯ, ದಿನದ ಹಾಲಲ್ಲ, ವರ್ಷದ ಹಾಲು. ಆಡು ಗಬ್ಬವಾದರೆ ಐದು ತಿಂಗಳಿಗೆ ಈಯುತ್ತದೆ. ಈಯುವ ಮುಂಚೆ ಎರಡು ತಿಂಗಳು ಹಾಲು ಬಿಡಿಸತಕ್ಕದ್ದು. ಗಬ್ಬವಾಗದೆ ಹೋದರೆ ಕೆಲವು ತಿಂಗಳಲ್ಲಿ ತಾನಾಗಿಯೇ ಬತ್ತುತ್ತದೆ. ಹೀಗಿರಲಾಗಿ, ನಡೆದುಹೋಗುವ ದೂರದಲ್ಲಿ ಹೋತವಿದೆಯೇ ಎಂದು ವಿಚಾರಿಸದೆ ಆಡು ಕೊಳ್ಳುವುದು ಎಣ್ಣೆ ಎಲ್ಲಿ ಸಿಗುತ್ತದೆಂದು ತಿಳಿಯದೆ ದೀಪ ಕೊಂಡಂತೆ. ಬೆದೆ ಒಂದೆರಡು ದಿನ ಮಾತ್ರ ಇರುತ್ತದೆ. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ದೂರದ ತಳಿ ತಂದವರಿಗೆ ಅದೇ ತಳಿಯ ಹೋತ ಸಿಗುವುದಿಲ್ಲ, ಊರ ಹೋತಕ್ಕೆ ಕೂಡಿಸುತ್ತಾರೆ, ಎರಡನೆಯ ತಲೆಗೆ ಕೊಟ್ಟ ಬೆಲೆ ಕರಗಿಹೋಗುತ್ತದೆ. ಅದರ ಮರಿಯನ್ನೇ ಹೋತವಾಗಿ ಉಳಿಸಿಕೊಳ್ಳುವ ಯೋಚನೆ ಬೇಡ. ಗಂಡು ಮರಿ ನಾಲ್ಕೈದು ತಿಂಗಳಿಗೇ ಬಲಿಯುತ್ತದೆ, ಆ ಹೊತ್ತಿಗೆ ತಾಯಿಯಿಂದ ಬೇರೆ ಮಾಡಬೇಕು.

ಸಾಧ್ಯವಿದ್ದರೆ ಒಂದು ದೊಡ್ಡ ಆಡಿನ ಬೆಲೆಗೆ ಎರಡು ಸಣ್ಣವನ್ನು ಕೊಳ್ಳಿ. ಒಂಟಿ ಆಡು ಕೂಗಿ ಕೂಗಿ ನೆರೆಯವರ ನಿದ್ದೆ ಕೆಡಿಸುತ್ತದೆ. ಎರಡಿದ್ದರೆ ಬೇರೆ ಬೇರೆ ಕಾಲದಲ್ಲಿ ಈಯುವಂತೆ ನೋಡಿಕೊಳ್ಳಬಹುದು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತದೆ.

“ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆಯನ್ನು ನಂಬಿ ಮೋಸಹೋದವರಿದ್ದಾರೆ. ಆಡು ಎಲ್ಲವನ್ನೂ ಮೂಸುತ್ತದೆ, ರುಚಿ ನೋಡುತ್ತದೆ, ಆದರೆ ಹಾಲು ಬರುವುದು ಒಳ್ಳೆಯ ಮೇವಿನಿಂದ ಮಾತ್ರ. ಹಲಸಿನ ಸೊಪ್ಪು, ಅಗಸೆ, ನುಗ್ಗೆ ಬಹಳ ಒಳ್ಳೆಯವು. ಸುಬಾಬುಲ್ ಮೇವಿನ ಮೂರನೆಯ ಒಂದು ಪಾಲಿಗೆ ಮೀರಬಾರದು. ಹಸಿ ಮರಗೆಣಸಿನ ಎಲೆ, ಎಳೆಯ ಜೋಳದ ಪೈರು, ಬೇಲಿಯ ಕಣಗಿಲೆ ಇವು ವಿಷ. ಮೇಲೆ ಕೊಂಚ ಹಿಂಡಿ, ಬೂಸಾ. ಜಂತುವಿನ ಔಷಧವನ್ನೂ, ಆಡುಗಳ ಪ್ಲೇಗ್ ಎನ್ನುವ ಪಿ.ಪಿ.ಆರ್. ರೋಗದ ಲಸಿಕೆಯನ್ನೂ ಪಶುವೈದ್ಯಶಾಲೆಯಲ್ಲಿ ಕೇಳಿ ಹಾಕಿಸಿರಿ.

ಹಾಲಿನ ಬಗ್ಗೆ ಒಂದು ಎಚ್ಚರಿಕೆ, ಏಕೆಂದರೆ ಕಾಗದಗಳಲ್ಲಿ ಈ ಪ್ರಶ್ನೆ ಬರುತ್ತದೆ. ಆಡಿನ ಹಾಲು ಕೂಸಿಗೆ ತಾಯಿಹಾಲಿಗೆ ಸಮವೆಂಬ ನಂಬಿಕೆ ಅನೇಕರಲ್ಲಿದೆ; ಅದು ಸರಿಯಲ್ಲ. ರಕ್ತವೃದ್ಧಿಗೆ ಬೇಕಾದ ಫೋಲಿಕ್ ಆಮ್ಲ ಅದರಲ್ಲಿ ತೀರ ಕಡಮೆ. ವರ್ಷ ತುಂಬದ ಮಗುವಿಗೆ ತಾಯಿಹಾಲಿನ ಬದಲು ಅದನ್ನೇ ಕುಡಿಸಿದರೆ ರಕ್ತಹೀನತೆ ಬರುತ್ತದೆ. ದೊಡ್ಡ ಮಕ್ಕಳಿಗೆ ಧಾರಾಳವಾಗಿ ಕೊಡಿ, ಆದರೆ ಕಾಯಿಸದೆ ಯಾರೂ ಕುಡಿಯಬಾರದು. ಆಡಿನ ಹಸಿ ಹಾಲಿನಿಂದ ಮನುಷ್ಯರಿಗೆ ಅಂಟುವ ಬಿಡದ ಜ್ವರವೊಂದುಂಟು.

ಕೊಳ್ಳಲು ಹೋಗುವಾಗ ಮನೆಯಲ್ಲಿ ಹಾಲು ಕರೆಯುವವರನ್ನೇ ಕರೆದುಕೊಂಡು ಹೋಗಿ. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ, ಅವರೇ ಕರೆದು ನೋಡಲಿ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದು ಸಂತೆಯ ಹಳೆಯ ಉಪಾಯ. ಕೆಚ್ಚಲು ಕರೆದ ಮೇಲೆ ಬರಿದಾದ ಚೀಲದಂತೆ ಮೆತ್ತಗಾಗಬೇಕು, ಗಂಟು ಇರಬಾರದು. ಕೆಳದವಡೆಯ ಮುಂದಿನ ಎಂಟು ಹಲ್ಲು ನೋಡಿ: ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದೂವರೆ ವರ್ಷದೊಳಗಿನದು, ಎಂಟೂ ಬಂದಿದ್ದರೆ ನಾಲ್ಕರ ಸುಮಾರು. ಎರಡನೆಯ ಅಥವಾ ಮೂರನೆಯ ಸೂಲಿನ ಆಡು ಉತ್ತಮ. ಬಕ್ರೀದಿನ ಮುಂಚೆ ದೇವನಾರಿನಲ್ಲಿ ಕಾಣುವ ಉದ್ದ ಕಿವಿಯ ಭಾರಿ ಪ್ರಾಣಿಗಳಿಗೆ ಮರುಳಾಗಬೇಡಿ. ಅವುಗಳಲ್ಲಿ ಬಹುಪಾಲು ಗಂಡು!

ಮಳೆ ಕಳೆದು ಕಾರ್ತಿಕದ ಹೊತ್ತಿಗೆ ಕೊಂಡರೆ ಮುಂದಿನ ಮಳೆಗೆ ಮುನ್ನ ಅದಕ್ಕೆ ಊರು ಒಗ್ಗಿರುತ್ತದೆ. ಮೊದಲ ಮೂರು ವಾರ ಊರಿನ ಆಡುಗಳ ಜೊತೆ ಬಿಡಬೇಡಿ. ಮಾರಿದವರಿಂದ ಅದು ತಿನ್ನುತ್ತಿದ್ದ ಮೇವಿನ ಒಂದು ಹೊರೆಯನ್ನೂ ಕೇಳಿ ತನ್ನಿರಿ. ಒಂದು ವಾರ ಅದಕ್ಕೆ ನಿಮ್ಮ ಸೊಪ್ಪನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು.