ಫೌಂಡೇಶನ್‌ಗಿಂತ ಮೊದಲು ಚರ್ಮ

ಅಕ್ಟೋಬರ್ ನಡುವಿನ ಹೊತ್ತಿಗೆ ಪುಣೆಯಿಂದ ಮಳೆಗಾಲ ಹಿಂದೆ ಸರಿಯುತ್ತದೆ. ಮತ್ತೆ ಕೆಲವೇ ವಾರಗಳಲ್ಲಿ ಮಕ್ಕಳ ತುಟಿ ಒಡೆಯುತ್ತದೆ, ಮೂಗಿನ ಅಕ್ಕಪಕ್ಕ ಸಿಪ್ಪೆ ಏಳುತ್ತದೆ. ದೀಪಾವಳಿ, ರಾಜ್ಯೋತ್ಸವದ ಕಾರ್ಯಕ್ರಮ, ಶಾಲಾ ವಾರ್ಷಿಕೋತ್ಸವಗಳ ಸಾಲೂ ಆಗಲೇ ಶುರುವಾಗುವುದು. ಹದಿಮೂರು ಹದಿನಾಲ್ಕರ ಮಗಳ ಬ್ಯಾಗಿನಲ್ಲಿ ಫೌಂಡೇಶನ್ ಬಾಟಲಿ ಸಿಕ್ಕಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದೂ ಹೆಚ್ಚಾಗಿ ಇದೇ ಕಾಲದಲ್ಲಿ. ‘ಈ ವಯಸ್ಸಿಗೇ ಮೇಕಪ್ ಯಾಕೆ?’ ಎಂಬ ಪ್ರಶ್ನೆ ಸಹಜವೇ. ಆದರೆ ಆ ಬಾಟಲಿಯ ಹಿಂದೆ ಶೋಕಿಗಿಂತ ಒಣಗಿದ ಚರ್ಮವೇ ಇರುವುದುಂಟು. ಹಾಗಾಗಿ ಮೊದಲು ಕಾರಣ ನೋಡೋಣ, ಉಪಾಯ ಆಮೇಲೆ.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಪೂರ್ವಕ್ಕೆ, ಮಳೆಯ ನೆರಳಿನಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹಗಲಿನ ಬಿಸಿಲಿನಲ್ಲಿ ಗಾಳಿಯ ತೇವ ಹಾರಿಹೋಗುತ್ತದೆ. ಉಡುಪಿ, ಮಂಗಳೂರು ಕಡೆಯಿಂದ ಬಂದ ಕುಟುಂಬಗಳಿಗೆ ಇದು ಹೊಸ ಅನುಭವ. ಕರಾವಳಿಯ ಗಾಳಿಯಲ್ಲಿ ವರ್ಷವಿಡೀ ತೇವ ಇರುವುದರಿಂದ ಅಲ್ಲಿ ಮುಖಕ್ಕೆ ಕ್ರೀಮಿನ ಅಗತ್ಯವೇ ಕಾಣುವುದಿಲ್ಲ. ‘ಊರಲ್ಲಿದ್ದಾಗ ನಮಗೆ ಇದೇನೂ ಬೇಕಿರಲಿಲ್ಲ’ ಎಂದು ತಾಯಂದಿರು ಹೇಳುವುದು ನಿಜವೇ, ಆದರೆ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯವರಿಗೆ ಒಣಹವೆಯ ಪರಿಚಯ ಇದೆ. ಅವರಿಗೂ ಹೊಸತಾಗಿರುವುದು ನಗರದಂಚಿನ ಹೊಸ ವಸತಿ ಸಂಕೀರ್ಣಗಳ ಟ್ಯಾಂಕರ್ ಮತ್ತು ಕೊಳವೆಬಾವಿ ನೀರು. ಈ ನೀರು ಸಾಮಾನ್ಯವಾಗಿ ಗಡಸು. ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ, ತೊಳೆದ ಮೇಲೂ ಅದರ ಅಂಶ ಚರ್ಮದ ಮೇಲೆ ಉಳಿದು ಒಣಗಿಸುತ್ತದೆ.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಸತ್ತ, ಚಪ್ಪಟೆ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಗಾರೆ ಸೆರಮೈಡ್ ಮೊದಲಾದ ಕೊಬ್ಬಿನಂಶಗಳು. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ಧೂಳು, ರಾಸಾಯನಿಕ ಒಳಗೆ ಬಾರದು. ಬಿಸಿಬಿಸಿ ನೀರಿನ ದೀರ್ಘ ಸ್ನಾನ, ಕ್ಷಾರದ ಸೋಪು, ಕಡಲೆಹಿಟ್ಟಿನಿಂದ ಗಸಗಸ ಉಜ್ಜುವುದು ಇವೆಲ್ಲ ಗಾರೆಯನ್ನು ಕೊಚ್ಚಿಕೊಂಡು ಹೋಗುತ್ತವೆ. ಆರೋಗ್ಯವಂತ ಚರ್ಮ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಮೊಡವೆಗೆಂದು ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಔಷಧಗಳೂ ಚರ್ಮವನ್ನು ಒಣಗಿಸುತ್ತವೆ. ಇದಕ್ಕೆ ಗೆಳತಿ ಕೊಟ್ಟ ರೆಟಿನಾಲ್ ಸೀರಮ್, ಸಿಪ್ಪೆ ತೆಗೆಯುವ ಆಸಿಡ್ ಟೋನರ್ ಸೇರಿದರೆ ಎಳೆಯ ಚರ್ಮ ಕೆಂಪಾಗಿ ಉರಿಯುತ್ತದೆ. ವಯಸ್ಸಾದ ಚರ್ಮಕ್ಕೆಂದು ಮಾಡಿದ ಇಂಥ ವಸ್ತುಗಳು ವೈದ್ಯರು ಹೇಳದ ಹೊರತು ಶಾಲೆಯ ಮಕ್ಕಳಿಗೆ ಬೇಕಿಲ್ಲ.

ತುಟಿಯದು ಇನ್ನೂ ಸೂಕ್ಷ್ಮ. ಕೆಂಪು ಭಾಗದ ಹೊರಪದರ ಬಹಳ ತೆಳು, ಅಲ್ಲಿ ಬೆವರಿನ ಗ್ರಂಥಿಗಳಿಲ್ಲ, ರಕ್ಷಣೆಯ ಎಣ್ಣೆಯೂ ಸಾಲದು. ಒಣಗಿದಾಗ ಮಗು ತಿಳಿಯದೆಯೇ ನಾಲಿಗೆಯಿಂದ ಸವರಿಕೊಳ್ಳುತ್ತದೆ. ಎಂಜಲು ಆರುವಾಗ ತುಟಿಯ ತೇವವನ್ನೂ ಹೊತ್ತೊಯ್ಯುತ್ತದೆ. ಜೀರ್ಣಕ್ಕೆಂದೇ ಇರುವ ಅದರ ಕಿಣ್ವಗಳು ಚರ್ಮವನ್ನು ಕೆರಳಿಸುತ್ತವೆ. ಇನ್ನಷ್ಟು ಒಣಗುತ್ತದೆ, ಇನ್ನಷ್ಟು ಸವರಿಕೊಳ್ಳಬೇಕೆನಿಸುತ್ತದೆ. ಕನ್ನಡಿಯ ಮುಂದೆ ಮಗುವನ್ನು ನಿಲ್ಲಿಸಿ ನೋಡಿ: ನಾಲಿಗೆ ತಲುಪುವಷ್ಟೇ ಜಾಗದಲ್ಲಿ, ತುಟಿಯ ಸುತ್ತ ಕೆಂಪು ಇಲ್ಲವೇ ಕಂದು ಬಳೆಯೊಂದು ಕಂಡರೆ ಕಾರಣ ಇದೇ. ಪರೀಕ್ಷೆಯ ದಿನಗಳಲ್ಲಿ, ಆತಂಕದಲ್ಲಿ ಈ ಅಭ್ಯಾಸ ಹೆಚ್ಚುತ್ತದೆ. ‘ನೆಕ್ಕಬೇಡ’ ಎಂದು ದಿನಕ್ಕೆ ಹತ್ತು ಸಲ ಗದರಿದರೆ ಆತಂಕ ಕೂಡುತ್ತದೆಯೇ ಹೊರತು ಅಭ್ಯಾಸ ಬಿಡುವುದಿಲ್ಲ.

ಈಗ ಫೌಂಡೇಶನ್. ಇದು ಕಬ್ಬಿಣದ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ನಂಥ ಬಣ್ಣದ ಪುಡಿಗಳನ್ನು ದ್ರವದಲ್ಲೋ ಕ್ರೀಮಿನಲ್ಲೋ ಬೆರೆಸಿದ ಲೇಪ. ಹೊಳಪಿಲ್ಲದ ‘ಮ್ಯಾಟ್’ ಬಗೆಯಲ್ಲಿ ಎಣ್ಣೆ ಹೀರುವ ಸಿಲಿಕಾ, ಜೇಡಿಯಂಥ ಪುಡಿಗಳೂ ಇರುತ್ತವೆ. ಎಣ್ಣೆ ಚರ್ಮಕ್ಕೆ ಅದು ಒಪ್ಪುತ್ತದೆ. ಒಣ ಚರ್ಮದ ಮೇಲೆ ಅದು ಸಿಪ್ಪೆಯ ಅಂಚಿಗೆ ಅಂಟಿ, ಬೆಳಿಗ್ಗೆ ನಯವಾಗಿ ಕಂಡದ್ದು ಶಾಲೆಯ ಡಬ್ಬಿ ಊಟದ ಹೊತ್ತಿಗೆ ಮೂಗಿನ ಬದಿಯಲ್ಲಿ, ಬಾಯಿಯ ಮೂಲೆಯಲ್ಲಿ ಬಿರಿದು ಪಟ್ಟೆಪಟ್ಟೆಯಾಗುತ್ತದೆ. ಮಗಳು ಅದನ್ನು ಮುಚ್ಚಲು ಇನ್ನೊಂದು ಪದರ ಬಳಿಯುತ್ತಾಳೆ. ಮನೆಯವರ ಕಣ್ಣಿಗೆ ಅದು ಅತಿಯಾದ ಅಲಂಕಾರ. ಅವಳ ಪಾಲಿಗೆ ಅದು ಕೆಟ್ಟದ್ದನ್ನು ಸರಿಪಡಿಸುವ ಯತ್ನ.

ಸರಿಪಡಿಸಬೇಕೆಂಬ ಈ ಹಟ ಎಲ್ಲಿಂದ ಬರುತ್ತದೆ? ಹದಿಹರೆಯದವರು ತಮ್ಮನ್ನು ಎಲ್ಲರೂ ಸದಾ ಗಮನಿಸುತ್ತಿದ್ದಾರೆ ಎಂದು ಭಾವಿಸುವುದನ್ನು ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ ‘ಕಾಲ್ಪನಿಕ ಪ್ರೇಕ್ಷಕರು’ ಎಂದು ವಿವರಿಸಿದರು. ಆಗ ಆ ಪ್ರೇಕ್ಷಕರು ಮನಸ್ಸಿನೊಳಗಷ್ಟೇ ಇದ್ದರು. ಈಗ ಕೈಯಲ್ಲಿರುವ ಫೋನಿನ ಕ್ಯಾಮೆರಾ ಮುಖವನ್ನು ಅಂಗುಲ ದೂರದಿಂದ ತೋರಿಸುತ್ತದೆ, ಫಿಲ್ಟರ್ ಅದೇ ಮುಖವನ್ನು ಕಲೆಯಿಲ್ಲದೆ ತೋರಿಸುತ್ತದೆ. ಎರಡರ ನಡುವಿನ ಅಂತರವನ್ನು ಮಗು ಕೊರತೆ ಎಂದು ಓದುತ್ತದೆ. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ, ಅವರು ಹೇಳಿಕೊಳ್ಳುವುದು ಕಡಿಮೆ ಅಷ್ಟೇ. ಮನೆಯ ಮಾತುಗಳೂ ಇಲ್ಲಿ ಕೆಲಸ ಮಾಡುತ್ತವೆ. ‘ಬಿಸಿಲಲ್ಲಿ ಆಡಿ ಎಷ್ಟು ಕಪ್ಪಾಗಿದ್ದಾಳೆ ನೋಡು’ ಎಂದು ಮದುವೆಮನೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಪ್ರೀತಿಯಿಂದಲೇ ಆಡಿದ ಮಾತು ವರ್ಷಗಟ್ಟಲೆ ಉಳಿಯುತ್ತದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್‌ನೆಸ್ ಕ್ರೀಮ್ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಫೇರ್’ ಕೈಬಿಟ್ಟು ‘ಗ್ಲೋ’ ಸೇರಿಸಿಕೊಂಡಿತು. ಹೆಸರು ಬದಲಾದ ವೇಗದಲ್ಲಿ ಮನೆಯ ಮಾತು ಬದಲಾಗಿಲ್ಲ.

ನಿಮ್ಮ ಕಾಳಜಿಯ ಬಗ್ಗೆ ಅನುಮಾನವಿಲ್ಲ, ಪ್ರಶ್ನೆ ವಿಧಾನದ್ದು. ಬಾಟಲಿ ಕಸಿದುಕೊಂಡರೆ ಬಳಕೆ ನಿಲ್ಲುವುದಿಲ್ಲ, ಕದ್ದುಮುಚ್ಚಿ ನಡೆಯುತ್ತದೆ. ಚರ್ಮಕ್ಕೆ ಹೆಚ್ಚು ಹಾನಿಯಾಗುವುದೂ ಆಗಲೇ. ಕದ್ದು ಹಚ್ಚುವ ಮಗು ಅಗ್ಗದ್ದನ್ನು ಕೊಳ್ಳುತ್ತದೆ, ಗೆಳತಿಯರೊಂದಿಗೆ ಸ್ಪಂಜು, ಲಿಪ್‌ಸ್ಟಿಕ್ ಹಂಚಿಕೊಳ್ಳುತ್ತದೆ, ಗೊತ್ತಾಗಬಾರದೆಂದು ರಾತ್ರಿ ತೊಳೆಯದೆ ಮಲಗುತ್ತದೆ, ತುರಿಕೆ ಬಂದರೂ ಹೇಳುವುದಿಲ್ಲ. ಹಾಗಾಗಿ ಒಂದು ಒಪ್ಪಂದಕ್ಕೆ ಬನ್ನಿ. ಚರ್ಮದ ಹೊರಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಆ ನಾಲ್ಕು ವಾರ ಚರ್ಮದ ಆರೈಕೆ. ಆಮೇಲೂ ಬೇಕೆನಿಸಿದರೆ ಇಬ್ಬರೂ ಕೂಡಿ ಹೋಗಿ ಫೌಂಡೇಶನ್ ಕೊಳ್ಳುವುದು.

ಆರೈಕೆ ದುಬಾರಿಯಲ್ಲ. ಉಗುರುಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ. ಮುಖಕ್ಕೆ ಸೋಪಿನ ಬದಲು ಸುವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಲೇಬಲ್ಲಿನಲ್ಲಿ ಎರಡು ಬಗೆಯ ಹೆಸರು ಹುಡುಕಿ: ನೀರನ್ನು ಹಿಡಿದಿಡುವ ಗ್ಲಿಸರಿನ್ ಅಥವಾ ಹೈಲುರಾನಿಕ್ ಆಸಿಡ್, ಆ ನೀರು ಹಾರದಂತೆ ಮೇಲೆ ಮುಚ್ಚುವ ಪೆಟ್ರೋಲಿಯಂ ಜೆಲ್ಲಿ ಅಥವಾ ಡೈಮೆಥಿಕೋನ್. ಒಣಹವೆಯಲ್ಲಿ ಮೊದಲನೆಯದೊಂದೇ ಸಾಲದು. ಕೊಬ್ಬರಿ ಎಣ್ಣೆ ಕೈಕಾಲಿಗೆ ಒಳ್ಳೆಯದು, ಮೊಡವೆಯಿರುವ ಮುಖಕ್ಕೆ ಬೇಡ. ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಇರಲಿ.

ತುಟಿಗೆ 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯೇ ಇಂದಿಗೂ ಉತ್ತಮ. ರಾತ್ರಿ ಮಲಗುವಾಗ ದಪ್ಪಗೆ, ಹಗಲಲ್ಲಿ ಊಟ ತಿಂಡಿಯ ನಂತರ ತೆಳ್ಳಗೆ. ಅಜ್ಜಿಯ ತುಪ್ಪವೂ ಇದೇ ಕೆಲಸ ಮಾಡುತ್ತದೆ. ತಂಪೆನಿಸುವ ಪುದೀನ, ಮೆಂಥಾಲ್, ಕರ್ಪೂರ, ದಾಲ್ಚಿನ್ನಿ ಬೆರೆಸಿದ ಲಿಪ್ ಬಾಮ್‌ಗಳನ್ನು ಬಿಡಿ. ಆ ಚುರುಚುರು ಚರ್ಮವನ್ನು ಕೆರಳಿಸಬಹುದು, ಹಣ್ಣಿನ ರುಚಿಯಿದ್ದರಂತೂ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಸಕ್ಕರೆಯಿಂದ ಉಜ್ಜುವುದು, ಸಿಪ್ಪೆ ಕೀಳುವುದು ಬೇಡ.

ಅಂಗಡಿಯಲ್ಲಿ ಒಣ ಚರ್ಮಕ್ಕೆ ಕ್ರೀಮಿನಂಥ ಅಥವಾ ಸೀರಮ್ ಬಗೆಯ ತೆಳು ಫೌಂಡೇಶನ್ ಕೇಳಿ, ಮ್ಯಾಟ್ ಬೇಡ. ಬಣ್ಣವನ್ನು ಅಂಗೈ ಹಿಂಬದಿಯಲ್ಲಿ ನೋಡಬೇಡಿ, ದವಡೆ ಕುತ್ತಿಗೆ ಸೇರುವಲ್ಲಿ ಒಂದು ಗೆರೆ ಎಳೆಯಿರಿ. ಲಕ್ಷ್ಮಿ ರೋಡಿನ ಅಂಗಡಿಯಾಗಲಿ, ಮಾಲ್ ಆಗಲಿ, ಒಳಗಿನ ದೀಪ ನಂಬದೆ ಹೊರಗಿನ ಬೆಳಕಿಗೆ ಬಂದು ನೋಡಿ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಕೆಲವು ಬಣ್ಣಗಳು ಗಾಳಿ ತಾಕಿ ಗಾಢವಾಗುತ್ತವೆ. ಗೆರೆ ಕಾಣದಂತೆ ಬೆರೆತರೆ ಅದೇ ಮಗಳ ಬಣ್ಣ. ಒಂದು ಛಾಯೆ ಬಿಳಿಯದ್ದನ್ನು ಕೊಂಡರೆ ನಮ್ಮ ಚರ್ಮದ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆ. ಎಲ್ಲರೂ ಮುಟ್ಟುವ ಟೆಸ್ಟರನ್ನು ತುಟಿಗೆ ತಾಕಿಸಲೇಬೇಡಿ, ಜ್ವರದ ಗುಳ್ಳೆಯ ವೈರಸ್ ಹಾಗೆ ಹರಡಬಹುದು. ಮನೆಗೆ ತಂದ ಮೇಲೆ ಮೊಣಕೈ ಒಳಬದಿಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ಕೆಂಪಾಗುತ್ತದೆಯೇ ನೋಡಿ. ಒಮ್ಮೆಗೆ ಒಂದೇ ಹೊಸ ವಸ್ತು, ಆಗ ಏನು ಒಗ್ಗಲಿಲ್ಲ ಎಂಬುದು ಗೊತ್ತಾಗುತ್ತದೆ. ಹಚ್ಚುವ ದಿನ ಮಾಯಿಶ್ಚರೈಸರ್ ಹೀರಲು ಹತ್ತು ನಿಮಿಷ ಕೊಡಿ, ಒದ್ದೆ ಸ್ಪಂಜಿನಿಂದ ತೆಳ್ಳಗೆ ಬೇಕಾದಲ್ಲಷ್ಟೇ ಹಚ್ಚಲಿ. ಮಲಗುವ ಮುನ್ನ ತೆಗೆಯುವುದು ಮಾತ್ರ ಕಡ್ಡಾಯ.

ಬೆಳ್ಳಗೆ ಮಾಡುತ್ತೇವೆನ್ನುವ, ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಕ್ರೀಮುಗಳಿಗೆ ಮಾತ್ರ ಖಡಾಖಂಡಿತ ಬೇಡ ಎನ್ನಿ. ಇಂಥವುಗಳಲ್ಲಿ ಪಾದರಸ ಅಥವಾ ಸ್ಟಿರಾಯ್ಡ್ ಇರುವುದುಂಟು. ಪಾದರಸ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಸ್ಟಿರಾಯ್ಡ್ ಮುಖದ ಚರ್ಮವನ್ನು ತೆಳುಮಾಡಿ, ಬಿಟ್ಟೊಡನೆ ಉರಿ ಎಬ್ಬಿಸುತ್ತದೆ. ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳು ಪಾದರಸ ಬಳಸಿ ಇವನ್ನು ತಯಾರಿಸುವುದನ್ನು ನಿಷೇಧಿಸಿವೆ.

ನಾಲ್ಕು ವಾರದ ನಂತರವೂ ಚರ್ಮ ತುರಿಸುತ್ತಿದ್ದರೆ, ಬಿರಿದು ರಕ್ತ ಬರುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿ, ಅದು ಇಸುಬು ಇರಬಹುದು. ಬಾಯಿಯ ಮೂಲೆಗಳು ಪದೇಪದೇ ಸೀಳುತ್ತಿದ್ದರೆ ಕಬ್ಬಿಣಾಂಶ, ಬಿ ಜೀವಸತ್ವಗಳ ಕೊರತೆಯನ್ನೂ ಪರೀಕ್ಷಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿತ್ತು. ಇದನ್ನು ಯಾವ ಲಿಪ್ ಬಾಮೂ ಸರಿಮಾಡದು.

ಇದೆಲ್ಲ ಆದ ಮೇಲೆ ಕೆಲವು ಮಕ್ಕಳು ಫೌಂಡೇಶನ್ ಬೇಡ ಎನ್ನುತ್ತಾರೆ, ಕೆಲವರು ಹಬ್ಬಕ್ಕಷ್ಟೇ ಇರಲಿ ಎನ್ನುತ್ತಾರೆ, ಕೆಲವರು ದಿನವೂ ಬೇಕೆನ್ನುತ್ತಾರೆ. ಮೂರರಲ್ಲಿ ಯಾವುದಾದರೂ ಸರಿ. ಮುಖ ಉರಿದ ದಿನ ಅದನ್ನು ಮುಚ್ಚಿಡದೆ ಮೊದಲು ನಿಮಗೆ ಬಂದು ಹೇಳುವಂತಾದರೆ ನೀವಿಬ್ಬರೂ ಮಾಡಿಕೊಂಡ ಒಪ್ಪಂದ ಕೆಲಸ ಮಾಡಿದೆ.