ಡ್ರಮ್ ಬಿಚ್ಚುವ ಮುನ್ನ: ವಾಷಿಂಗ್ ಮೆಷಿನ್ ದುರಸ್ತಿ ಮತ್ತು ಗ್ರಾಹಕರ ಹಕ್ಕು

ಸ್ವಂತ ವಾಷಿಂಗ್ ಮೆಷಿನ್ನಿನ ಡ್ರಮ್ಮನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸಿಕೊಳ್ಳುವುದನ್ನು ಭಾರತದ ಯಾವ ಕಾನೂನೂ ತಡೆಯುವುದಿಲ್ಲ. ಹಾಗೆಂದು ದುರಸ್ತಿಯ ಹಕ್ಕಿಗೆಂದೇ ಪ್ರತ್ಯೇಕ ಕಾಯ್ದೆಯೂ ಇಲ್ಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಕುರಿತು ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಬಿಡಿಭಾಗ, ವಾರಂಟಿ, ಸರ್ವಿಸ್ ಸೆಂಟರುಗಳ ಮಾಹಿತಿ ಅಲ್ಲಿ ಸಿಗುತ್ತದೆ; ಪರಿಹಾರ ಬೇಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೇ ಆಶ್ರಯಿಸಬೇಕು.

ಮೊದಲು ನೋಡಬೇಕಾದದ್ದು ವಾರಂಟಿ ಕಾರ್ಡ್. ಮೆಷಿನ್ ಮೇಲೆ ದೊಡ್ಡದಾಗಿ ಅಂಟಿಸಿರುವ ‘10 ವರ್ಷ’ ಸಾಮಾನ್ಯವಾಗಿ ಮೋಟರಿಗೆ ಮಾತ್ರ. ಡ್ರಮ್, ಬೇರಿಂಗ್, ಆಯಿಲ್ ಸೀಲ್‌ಗಳ ಅವಧಿ ಬೇರೆಯೇ ಇರುತ್ತದೆ, ಬಹಳ ಕಡಿಮೆಯೂ ಇರುತ್ತದೆ. ಕಂಪನಿಯ ಮೆಕ್ಯಾನಿಕ್ ಅಲ್ಲದವರು ಬಿಚ್ಚಿದರೆ ವಾರಂಟಿ ರದ್ದು ಎಂಬ ಷರತ್ತೂ ಸಣ್ಣ ಅಕ್ಷರದಲ್ಲಿರುವುದುಂಟು. ಅವಧಿಯೊಳಗೆ ಸ್ಕ್ರೂಡ್ರೈವರ್ ಹಿಡಿಯುವುದು ಜಾಣತನವಲ್ಲ.

ಅವಧಿ ಮುಗಿದಿದ್ದರೂ ತಯಾರಿಕಾ ದೋಷದ ಬಗ್ಗೆ ದೂರು ಕೊಡಬಹುದು. ಸಾಬೀತುಪಡಿಸುವ ಹೊಣೆ ಮಾತ್ರ ದೂರುದಾರರದು. ಕಷ್ಟ ಇರುವುದೇ ಇಲ್ಲಿ. ಫ್ರಂಟ್ ಲೋಡ್ ಮೆಷಿನ್ನಿನಲ್ಲಿ ಸ್ಟೀಲ್ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ತೋಳಿನ ಅಲ್ಯೂಮಿನಿಯಂ ಭಾಗ ಸವೆದು ಮುರಿಯುವುದು ಸಾಮಾನ್ಯ ತೊಂದರೆ. ಎರಕವೇ ಕಳಪೆ ಎಂದು ಗ್ರಾಹಕರು ಹೇಳಿದರೆ, ಗಡಸು ನೀರು, ಅತಿಯಾದ ಪುಡಿ, ಮಿತಿಮೀರಿದ ಬಟ್ಟೆ ಎಂದು ಕಂಪನಿ ಹೇಳುತ್ತದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದಾಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಲು 2019ರ ಕಾಯ್ದೆಯ 38ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಕೆಲವು ಮಾದರಿಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಟಬ್ಬಿನ ಎರಡು ಭಾಗಗಳನ್ನು ಬೆಸೆದೇಬಿಟ್ಟಿರುತ್ತಾರೆ. ಅದನ್ನು ಗರಗಸದಿಂದ ಕೊಯ್ದ ಮೇಲೆ ದೋಷ ಮೊದಲೇ ಇತ್ತೆಂದು ತೋರಿಸುವುದು ಬಲು ಕಷ್ಟ.

ಆದ್ದರಿಂದ ಬಿಚ್ಚುವ ಮುನ್ನವೇ ಕಂಪನಿಗೆ ದೂರು ಕೊಟ್ಟು ಅದರ ಸಂಖ್ಯೆ ಪಡೆಯಬೇಕು. ಪರಿಶೀಲನೆಗೆ ಬಂದ ಮೆಕ್ಯಾನಿಕ್‌ನಿಂದ ಕಾರಣ ಬರೆದ ಜಾಬ್ ಶೀಟ್ ಕೇಳಿ ಪಡೆಯಬೇಕು. ಬಾಯಿಮಾತಿನ ‘ಇದು ಕವರ್ ಆಗಲ್ಲ ಸಾರ್’ ಗ್ರಾಹಕರ ಆಯೋಗದಲ್ಲಿ ಹೆಚ್ಚು ನಿಲ್ಲುವುದಿಲ್ಲ. ಬಳಿಕ ಬಿಚ್ಚುವುದಾದರೆ ಪ್ಲಗ್ ಕಿತ್ತು, ಹಂತಹಂತವಾಗಿ ವಿಡಿಯೊ ಮಾಡಿಕೊಂಡು, ಮುರಿದ ಭಾಗವನ್ನು ಜೋಪಾನವಾಗಿಡಬೇಕು. ಬಡಾವಣೆಯ ರಿಪೇರಿ ಅಂಗಡಿಗೆ ಕೊಟ್ಟರೂ ರಸೀದಿ ಬೇಕು; ಹಣ ಪಡೆದು ಮಾಡಿದ ಅರೆಬರೆ ಕೆಲಸವೂ ಸೇವಾ ನ್ಯೂನತೆಯೇ.

ಸ್ವಂತ ದುರಸ್ತಿಗೆ ಇನ್ನೊಂದು ಮಗ್ಗುಲಿದೆ. ಮೆಷಿನ್ನಿನಿಂದ ಯಾರಿಗಾದರೂ ಗಾಯವಾದಾಗ, ಅದನ್ನು ಮಾರ್ಪಡಿಸಲಾಗಿತ್ತು ಎಂದಾದರೆ 87ನೇ ಕಲಮಿನಡಿ ಮಾರಾಟಗಾರರ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಡೆಯುವುದಿಲ್ಲ.

ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ನೇರವಾಗಿ ಇಲ್ಲವೇ ಇ-ಜಾಗೃತಿ ಪೋರ್ಟಲ್ ಮೂಲಕ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬೆಂಗಳೂರಿನಲ್ಲಿ ಕೊಂಡ ಮೆಷಿನ್ನಿಗೆ ಹಾಸನದ ನಿವಾಸಿ ಹಾಸನದಲ್ಲೇ ದೂರು ಕೊಡಬಹುದು. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯುವುದುಂಟು. ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ 45 ದಿನದೊಳಗೆ ಮೇಲ್ಮನವಿ ಹೋಗಬಹುದಾದ್ದರಿಂದ, ಮುರಿದ ಭಾಗವನ್ನು ಅಲ್ಲಿಯವರೆಗೂ ಗುಜರಿಗೆ ಹಾಕಬಾರದು.