ಏಕಕಾಲದಲ್ಲಿ ಎರಡು ಪದವಿ

ಎರಡು ದೋಣಿಗಳಲ್ಲಿ ಕಾಲಿಡಬಾರದೆಂಬುದು ಹಿರಿಯರ ಮಾತು. ವಿದ್ಯೆಯ ವಿಷಯದಲ್ಲಿಯೂ ಬಹುಕಾಲ ಇದೇ ನಡೆದುಬಂದಿತು. ಒಂದು ಪದವಿಗೆ ಓದುವವನು ಅದೇ ಕಾಲದಲ್ಲಿ ಇನ್ನೊಂದಕ್ಕೆ ಸೇರುವುದು ಸಾಮಾನ್ಯವಾಗಿ ಸಲ್ಲುತ್ತಿರಲಿಲ್ಲ. 2022ರ ಏಪ್ರಿಲ್ ತಿಂಗಳಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಈ ಕಟ್ಟನ್ನು ಸಡಿಲಿಸಿತು.

ಆಯೋಗವು ತೋರಿದ ದಾರಿಗಳು ಮೂರು. ಎರಡು ಪದವಿಗಳಿಗೂ ತರಗತಿಗೆ ಹೋಗಿಯೇ ಓದುವುದು ಮೊದಲನೆಯದು; ಆದರೆ ಎರಡರ ಪಾಠದ ವೇಳೆಗಳು ಒಂದರ ಮೇಲೊಂದು ಬೀಳಕೂಡದು. ಒಂದನ್ನು ಕಾಲೇಜಿನಲ್ಲಿಯೂ ಮತ್ತೊಂದನ್ನು ದೂರಶಿಕ್ಷಣ ಇಲ್ಲವೆ ಆನ್‌ಲೈನ್ ಕ್ರಮದಲ್ಲಿಯೂ ಓದುವುದು ಎರಡನೆಯದು. ಎರಡನ್ನೂ ದೂರಶಿಕ್ಷಣ ಇಲ್ಲವೆ ಆನ್‌ಲೈನ್ ಕ್ರಮದಲ್ಲಿಯೇ ಓದುವುದು ಮೂರನೆಯದು. ಪಿಎಚ್.ಡಿ.ಗೆ ಈ ಸೌಲಭ್ಯ ಅನ್ವಯಿಸದು.

ನಮ್ಮಂಥವರಿಗೆ ಇವುಗಳಲ್ಲಿ ಯಾವುದು ಸಾಧ್ಯ? ನಾನು ರಾಮಗಿರಿಯವನು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಮರಳಿ ಮನೆ ಸೇರುವುದು ಸಂಜೆ ಆರಕ್ಕೆ. ಓದಿಗೆ ಉಳಿಯುವುದು ರಾತ್ರಿಯ ಎರಡು ಮೂರು ಘಂಟೆ. ಮೊದಲ ದಾರಿ ಪಟ್ಟಣದಲ್ಲಿಯೇ ಇರುವವರಿಗೆ ಒಗ್ಗೀತು; ಹಳ್ಳಿಯಿಂದ ಬರುವವರಿಗೆ ಎರಡನೆಯದೇ ಗತಿ.

ಅದಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. 1996ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಆಯೋಗದ ಮಾನ್ಯತೆಯಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ಆದುದರಿಂದ ಯಾವ ಸಂಸ್ಥೆಗೇ ಸೇರಲಿ, ನಾವು ಓದಲಿರುವ ಪಠ್ಯಕ್ರಮಕ್ಕೆ ಆ ವರ್ಷ ಮಾನ್ಯತೆಯಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ನಮ್ಮ ವಿಶ್ವವಿದ್ಯಾನಿಲಯದ ನಿಯಮವನ್ನೂ ಕೇಳಿ ತಿಳಿಯಬೇಕು. ಪರೀಕ್ಷೆಗಳು ಒಂದೇ ದಿನ ಬರುವುದೂ ಉಂಟೆಂಬುದನ್ನು ಮರೆಯಬಾರದು.

ಇದನ್ನೆಲ್ಲ ನಮ್ಮ ತಂದೆಯವರಿಗೆ ವಿವರಿಸಿದೆನು. ಅಡಿಕೆ ತೋಟದ ಕೂಲಿಯಿಂದ ನನ್ನ ಫೀಜು ಕಟ್ಟುವ ಅವರು, “ಎರಡು ಸರ್ಟಿಫಿಕೇಟು ತಂದರೆ ಎರಡು ಕೆಲಸ ಕೊಡ್ತಾರೇನಪ್ಪಾ?” ಎಂದು ಕೇಳಿದರು. ಉತ್ತರಕ್ಕೆ ನಾನು ಎರಡು ದಿನ ಯೋಚಿಸಬೇಕಾಯಿತು. ಕೆಲಸವೊಂದೇ, ನಿಜ. ಆದರೆ ಮೊದಲ ಪದವಿ ಕಲಿಸದಿರುವುದನ್ನು ಎರಡನೆಯದು ಕಲಿಸುವುದಾದರೆ ಆ ಶ್ರಮ ಸಾರ್ಥಕ. ಬಿ.ಎ. ಓದುವವನು ಲೆಕ್ಕಪತ್ರದ ವಿದ್ಯೆಗಾಗಿ ಬಿ.ಕಾಂ.ಗೂ ಸೇರಿದರೆ ಅದಕ್ಕೊಂದು ಅರ್ಥವಿದೆ. ಹೆಸರಿನ ಮುಂದೆ ಅಕ್ಷರಗಳನ್ನು ಬೆಳೆಸಲೆಂದೇ ಸೇರಿದರೆ ಇದ್ದ ಓದೂ ಸೊರಗುತ್ತದೆ.

ಅಂತಿಮ ವರ್ಷದಲ್ಲಿರುವ ನಾನು ಈಗ ಬಿ.ಎ.ಯೊಂದನ್ನೇ ಮುಗಿಸುವೆನು. ಮುಂದೆ ಎಂ.ಎ.ಗೆ ಸೇರಿದಾಗ, ಮೊದಲ ಸೆಮಿಸ್ಟರಿನ ಫಲಿತಾಂಶ ನೋಡಿಕೊಂಡು ಎರಡನೆಯದರ ಮಾತು. ಪ್ರಥಮ ವರ್ಷದ ತಮ್ಮ ತಂಗಿಯರಿಗೆ ಇನ್ನೂ ಕಾಲಾವಕಾಶವಿದೆ. ಅವರು ಅರ್ಜಿ ತುಂಬುವ ಮೊದಲು ಒಂದು ವಾರ ತಮ್ಮ ಓದಿನ ಘಂಟೆಗಳನ್ನು ಬರೆದಿಟ್ಟು ನೋಡಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣಕ್ಕೆ ಮಾತ್ರವಲ್ಲ, ಹೊತ್ತಿಗೂ ಸಲ್ಲುತ್ತದೆ.